ಗೋಡೆಯ ಮೇಲೆ ಕಂಡ ರೇಸು

ಈ ರೇಸಿನ ಬಗ್ಗೆ ಬರೆಯಬೇಕಾದವರು ಅದರಲ್ಲಿ ಗಾಡಿ ಓಡಿಸಿದವರು. ನಾನು ಓಡಿಸಿದವಳಲ್ಲ, ಅದು ಸಾಗುವ ದಾರಿಯನ್ನು ಪೂರ್ತಿ ಕಂಡವಳೂ ಅಲ್ಲ. ಹಗಲೆಲ್ಲ ಮೋಟಾರು ಸೈಕಲ್ಲುಗಳ ಸೀಟ್ ಕವರ್ ಹೊಲಿದು, ಸಂಜೆ ಕಾಲೇಜಿನ ಬೆಂಚಿನಲ್ಲಿ ತೂಕಡಿಸುತ್ತ ನಾಲ್ಕಕ್ಷರ ಕಲಿತವಳು. ಇಂಥವಳು ಕಥೆ ಹೇಳಲು ಕೂತಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಕಂಡದ್ದನ್ನು ಒಂದು ಕಡೆ, ಅಂದುಕೊಂಡದ್ದನ್ನು ಇನ್ನೊಂದು ಕಡೆ ಇಟ್ಟು ಬರೆಯಿರಿ ಎಂದು ನಮ್ಮ ಸಂಜೆ ತರಗತಿಯ ಮೇಡಂ ಹೇಳುತ್ತಿದ್ದರು. ಹಾಗೆಯೇ ಮಾಡಲು ನೋಡುತ್ತೇನೆ. ಆದರೆ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿದವಳಿಗೆ ಅವೆರಡನ್ನೂ ಬಿಡಿಸುವುದು ಎಷ್ಟು ಕಷ್ಟವೆಂದು ಅವರು ಹೇಳಿಕೊಟ್ಟಿರಲಿಲ್ಲ. ಗಂಡನ ಹೆಸರು ಬರೆಯುವುದಕ್ಕೂ ನನಗೆ ಇನ್ನೂ ಸಂಕೋಚ. ಅವರ ಹೆಸರು ಗುರುಪಾದ. ಬರೆದಾಯಿತು.

ನಮ್ಮ ಊರಿನವರು ಗಡಿಯ ಕಲ್ಲು ದಾಟಿದರೆ ಅವರ ನೆರಳು ಜೊತೆಗೆ ಹೋಗುವುದಿಲ್ಲ, ಮನೆಗೆ ಬರುತ್ತದೆ. ನಡುಮನೆಯ ಗೋಡೆಯ ಮೇಲೆ ನಿಂತು, ಹೊರಗೆ ಅವರು ಏನು ಮಾಡುತ್ತಾರೋ ಅದನ್ನೇ ಮಾಡುತ್ತಿರುತ್ತದೆ. ಅವರು ತಿರುಗಿ ಬಂದು ಕಲ್ಲು ದಾಟಿದ ಕೂಡಲೇ ಗೋಡೆ ಖಾಲಿಯಾಗುತ್ತದೆ. ಮೈಮೇಲೆ ಉಟ್ಟಿದ್ದು ನೆರಳಿನಲ್ಲಿ ಕಾಣುತ್ತದೆ, ಕೈಯಲ್ಲಿ ಹಿಡಿದಿದ್ದು ಕಾಣುವುದಿಲ್ಲ. ಎದುರಿಗೆ ಇರುವವರಂತೂ ಕಾಣುವುದೇ ಇಲ್ಲ. ಬಸ್ಸಿನಲ್ಲಿ ಹೋಗುವವರು ಗೋಡೆಯ ಮೇಲೆ ಏನೂ ಇಲ್ಲದ ಕಡೆ ಕೂತು ಅಲುಗಾಡುತ್ತಿರುತ್ತಾರೆ. ಸಂತೆಗೆ ಹೋದವರು ಗಾಳಿಯೊಂದಿಗೆ ಜಗಳವಾಡುತ್ತಾರೆ. ಅದಕ್ಕೇ ನಮ್ಮಲ್ಲಿ ಮನೆ ಕಟ್ಟುವಾಗ ನಡುಮನೆಯ ಒಂದು ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಕ್ಯಾಲೆಂಡರು ತೂಗುಹಾಕುವುದಿಲ್ಲ, ವರ್ಷಕ್ಕೊಮ್ಮೆ ಸುಣ್ಣ ತಪ್ಪಿಸುವುದಿಲ್ಲ. ಹೆಣ್ಣು ಕೊಡುವವರು ಬಂದರೆ ಮೊದಲು ಆ ಗೋಡೆಯನ್ನು ನೋಡುತ್ತಾರೆ, ಆಮೇಲೆ ಹುಡುಗನನ್ನು. ಹೊರಗೆ ದುಡಿಯಲು ಹೋದ ಗಂಡಸರು ಊಟಕ್ಕೆ ಕೂರುವ ಮುನ್ನ ಮನೆಯವರು ನೋಡುತ್ತಿದ್ದಾರೆಂದು ಒಮ್ಮೆ ಕೈ ಎತ್ತುತ್ತಾರೆ. ಇನ್ನೊಂದು ಪದ್ಧತಿಯೂ ಇದೆ. ಗಂಡಹೆಂಡಿರು ಜೋಡಿಯಾಗಿ ಹೊರಗೆ ಹೋದರೆ ಮನೆಯ ಹಿರಿಯರು ಆ ಗೋಡೆಗೆ ಹಳೆ ಸೀರೆಗಳನ್ನು ಹೊಲಿದ ಕೌದಿ ಇಳಿಬಿಡುತ್ತಾರೆ. ಅವರು ಬರುವವರೆಗೆ ಅದನ್ನು ಯಾರೂ ಸರಿಸುವಂತಿಲ್ಲ.

ನಮ್ಮ ಅತ್ತೆ ಗಂಗವ್ವನಿಗೆ ಗೋಡೆ ನೋಡುವುದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಮಾವನವರು ಹೊರಗೆ ಹೋದಾಗಲೇ ತೀರಿಕೊಂಡಿದ್ದರಂತೆ. ಅತ್ತೆ ರೊಟ್ಟಿ ಬಡಿಯುತ್ತ ತಿರುಗಿ ನೋಡಿದಾಗ ನೆರಳು ಒಂದು ಮಗ್ಗುಲಾಗಿ ಮಲಗಿತ್ತು. ದಣಿದು ಮಲಗಿದ್ದಾರೆ ಅಂದುಕೊಂಡು ಅವರು ಇನ್ನೂ ಎರಡು ರೊಟ್ಟಿ ಬಡಿದರು. ಮತ್ತೆ ನೋಡಿದರೆ ನೆರಳು ತೆಳ್ಳಗಾಗುತ್ತಿತ್ತು. ಇದನ್ನು ಅವರು ನನಗೆ ಒಂದೇ ಸಲ ಹೇಳಿದ್ದು.

ಇಂಥ ಊರಿನಲ್ಲಿ ಮೋಟಾರು ಸೈಕಲ್ ರೇಸಿನ ಇನಾಮು ಏನಿರಬಹುದು? ವರ್ಷಕ್ಕೊಮ್ಮೆ ನಡೆಯುವ ಆ ರೇಸು ಒಂದು ಬೆಳಗ್ಗೆ ಗಡಿಯ ಕಲ್ಲಿನಿಂದ ಹೊರಟು, ಉಪ್ಪಿನ ಬಯಲು ಹಾದು, ಘಾಟು ಏರಿ ಇಳಿದು, ಸುತ್ತು ಹಾಕಿ, ಕಬ್ಬಿಣದ ಸೇತುವೆಯ ಮೇಲಿಂದ ಮರುದಿನ ಅದೇ ಕಲ್ಲಿಗೆ ಬಂದು ಮುಗಿಯುತ್ತದೆ. ಗೆದ್ದವನನ್ನು ರೇಸಿನ ಕಮಿಟಿಯ ಹಿರಿಯರು ಕಲ್ಲಿನ ಪಕ್ಕದ ಗಡಿಕಟ್ಟೆಯ ಕೋಣೆಯೊಳಗೆ ಕರೆದುಕೊಂಡು ಹೋಗುತ್ತಾರೆ. ಅವನು ಹೊರಗೆ ಬಂದ ಮೇಲೆ ಅವನ ನೆರಳು ಅವನದೇ. ಎಲ್ಲಿಗೆ ಹೋದರೂ ಅವನ ಜೊತೆಗೇ ಹೋಗುತ್ತದೆ, ಮನೆಯ ಗೋಡೆಗೆ ಬರುವುದಿಲ್ಲ. ಇನಾಮು ಇಷ್ಟೇ. ಗಂಡಸರು ಇದಕ್ಕಾಗಿ ಮೈ ನಜ್ಜುಗುಜ್ಜು ಮಾಡಿಕೊಳ್ಳುತ್ತಿದ್ದರು. ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ನಮ್ಮ ಮನೆಯವರು ಪ್ರತಿ ವರ್ಷವೂ ರೇಸಿಗೆ ಹೆಸರು ಕೊಡುತ್ತಿದ್ದರು. ನಮ್ಮ ಸೀಟು ಹೊಲಿಯುವ ಅಂಗಡಿಗೆ ಬೇಕಾದ ರೆಕ್ಸಿನ್, ಸ್ಪಂಜು ತರಲು ಅವರು ಬಸ್ಸಿನಲ್ಲಿ ಹೊರಗೆ ಹೋಗುವುದಿತ್ತು. ಆಗ ಗೋಡೆಯ ಮೇಲೆ ನನಗೆ ಅನುಮಾನ ಬರುವಂಥದ್ದು ಏನೂ ಕಾಣುತ್ತಿರಲಿಲ್ಲ. ರೇಸಿನ ದಾರಿ ಬೇರೆ. ಆ ದಾರಿಯಲ್ಲಿ, ಸೇತುವೆ ದಾಟಿದ ಸ್ವಲ್ಪ ಹೊತ್ತಿಗೆ, ಅವರು ಪ್ರತಿ ವರ್ಷ ಒಂದು ಕಡೆ ನಿಲ್ಲುತ್ತಿದ್ದರು. ನಾನು ಕಂಡದ್ದನ್ನು ಹೇಳುತ್ತೇನೆ. ನೆರಳು ಕಾಲು ಊರುತ್ತದೆ. ಹೆಲ್ಮೆಟ್ ತೆಗೆಯುತ್ತದೆ. ಜೇಬಿಗೆ ಕೈಹಾಕಿ, ಆ ಕೈಯನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತದೆ, ಎಂದರೆ ತಲೆ ಬಾಚಿಕೊಳ್ಳುತ್ತದೆ. ಆಮೇಲೆ ಎದುರಿಗೆ ಕೈ ಚಾಚುತ್ತದೆ. ಚಾಚಿದ ಬೆರಳುಗಳು ಏನನ್ನೋ ಸುತ್ತಿ ಹಿಡಿಯುತ್ತವೆ, ಅದು ಬಾಯಿಗೆ ಹೋಗುತ್ತದೆ. ನೆರಳಿನ ಹೆಗಲು ಕುಲುಕುತ್ತದೆ. ಅದು ನಗು. ಎದುರಿಗೆ ಗೋಡೆಯ ಬಿಳಿ ಸುಣ್ಣ ಮಾತ್ರ.

ಇನ್ನು ಅಂದುಕೊಂಡದ್ದು. ಅವರ ಕೈ ಚಾಚುವುದು ಎದೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಹಾಗಾದರೆ ಎದುರಿಗಿರುವವರು ಗಿಡ್ಡ. ಅವರು ಕತ್ತು ಬಗ್ಗಿಸಿ ನಗುತ್ತಾರೆ, ಹಾಗಾದರೆ ಮಾತು ಮೆಲ್ಲಗೆ. ನನ್ನೆದುರು ಬರುವಾಗ ಅವರು ಎಂದಾದರೂ ತಲೆ ಬಾಚಿದ್ದುಂಟೇ? ಮದುವೆಯ ದಿನ ಬಾಚಿದ್ದರು, ಅದೂ ಅತ್ತೆ ಹಣಿಗೆ ಹಿಡಿದು ಬಾಚಿದ್ದು. ಆ ಗಿಡ್ಡ ಆಕೃತಿಗೆ ನಾನು ಒಂದು ಮೂಗು ಇಟ್ಟೆ, ಜಡೆ ಹಾಕಿದೆ, ಹಸಿರು ಬಳೆ ತೊಡಿಸಿದೆ. ಒಂದು ಸಲ ಬಟ್ಟೆ ಅಂಗಡಿಯಲ್ಲಿ ಹಳದಿ ಸೀರೆ ನೋಡಿ, ಇದು ಅವಳಿಗೆ ಒಪ್ಪುತ್ತದೆ ಎಂದು ತಟ್ಟನೆ ಅನ್ನಿಸಿತು. ಇಲ್ಲದವಳಿಗೆ ಸೀರೆ ಆರಿಸುವ ಮಟ್ಟಕ್ಕೆ ಬಂದಿದ್ದೆ.

ಆ ವರ್ಷದ ರೇಸಿಗೆ ಸೀಟು ಹೊಲಿಯುವಾಗ ಜಗಳವಾಯಿತು. ರೇಸಿಗೆ ಹೋಗುವವರೆಲ್ಲ ಹಿಂದಿನ ಸೀಟು ಕೊಯ್ಯಿಸಿ, ಅಲ್ಲಿ ಪೆಟ್ರೋಲಿನ ಕ್ಯಾನು ಕಟ್ಟುತ್ತಾರೆ. ನಮ್ಮವರೊಬ್ಬರೇ ಹಿಂದಿನ ಸೀಟು ಇರಲಿ ಅನ್ನುತ್ತಿದ್ದರು. ಇರಲಿ ಅಷ್ಟೇ ಅಲ್ಲ, ಮೆತ್ತಗಿರಲಿ.

"ಎಲ್ಲಾರೂ ಕೊಯ್ಸಿ ಒಗೀತಾರ. ನಿಮಗ್ಯಾಕ್ರೀ ಬೇಕು ಹಿಂದಿನ ಸೀಟು?" ಎಂದು ನಾನು ಮಷೀನು ನಿಲ್ಲಿಸಿ ಕೇಳಿದೆ.

"ಗಾಡಿ ಹಗರಾದ್ರ ಹಿಂದಿನ ಗಾಲಿ ಕುಣೀತೈತಿ," ಎಂದರು.

"ಕುಣಿಯೋದು ಗಾಲಿನೋ, ನೀವೋ?"

"ಏನಂದಿ?"

"ತೂಕ ಬೇಕಂದ್ರ ಒಂದು ಕಲ್ಲು ಕಟ್ಟರಿ. ಕಲ್ಲಿಗೆ ಸ್ಪಂಜು ಬೇಕಾಗಂಗಿಲ್ಲ."

ಅವರು ಸಿಟ್ಟಾಗಲಿಲ್ಲ. ಅದೇ ನನ್ನ ಸಿಟ್ಟು ಹೆಚ್ಚಿಸಿತು. ಗಾಡಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತ, "ಕಸ್ತೂರಿ, ನೀ ಒಮ್ಮಿನೂ ಕಲ್ಲು ದಾಟಿದಾಕಿ ಅಲ್ಲ," ಎಂದರು. "ಹೊರಗ ಮಧ್ಯಾಹ್ನದಾಗ ನಿಂತ್ರ ಜನಾ ನನ್ನ ಮಾರಿ ನೋಡಂಗಿಲ್ಲ, ಕಾಲು ನೋಡ್ತಾರ. ಚಾದಂಗಡಿಯಾಗ ನಾ ಕೂತ್ರ ಬಾಜೂಕ ಕೂತಾಂವ ಎದ್ದು ಹೋಗ್ತಾನ. ಒಂದ್ಸಲ ಆದ್ರೂ ಪೂರಾ ಮನಷ್ಯಾ ಆಗಿ ತಿರಗಬೇಕು ಅನ್ನಿಸ್ತೈತಿ."

ನನಗೆ ಕನಿಕರವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬಂದು ನಿಂತಿತು. ಪೂರಾ ಮನುಷ್ಯನಾಗುವುದು ಎಂದರೆ ನನ್ನ ಗೋಡೆಯ ಮೇಲೆ ಇಲ್ಲದಿರುವುದು. ಅವರು ಗೆದ್ದರೆ ಆ ತಲೆ ಬಾಚುವ ಕೈಯನ್ನು ನಾನು ಮತ್ತೆ ನೋಡುವುದಿಲ್ಲ. ಅದು ಬಾಚುತ್ತಲೇ ಇರುತ್ತದೆ. ಹಿಂದಿನ ಸೀಟನ್ನು ಅವರು ಹೇಳಿದಂತೆ ಮೆತ್ತಗೇ ಹೊಲಿದೆ. ಕೆಟ್ಟದಾಗಿ ಹೊಲಿಯಲು ಕೈ ಬರಲಿಲ್ಲ.

ಇನಾಮು ನಿಜವೇ ಸುಳ್ಳೇ ಎಂಬ ಅನುಮಾನ ಊರಿಗೆ ಮೊದಲಿನಿಂದಲೂ ಇತ್ತು. ಅತ್ತೆಯಂತೂ ಬಾಯಿಬಿಟ್ಟೇ ಹೇಳುತ್ತಿದ್ದರು. "ಕಮಿಟಿ ಹಿರ್ಯಾರು ಪ್ಯಾಟಿಗೆ ಹೋದಾಗ ಅವರ ನೆಳ್ಳು ಅವರವರ ಗ್ವಾಡಿ ಮ್ಯಾಲ ಇರತಾವ. ಕೊಡಾಕ ಬರೂವಂಥದ್ದು ಅವರ ಕೈಯಾಗ ಇದ್ದಿದ್ರ ಮೊದ್ಲ ತಾವಽ ತಗೊಳ್ತಿದ್ದಿಲ್ಲೇನು?" ಗೆದ್ದವರ ಗೋಡೆ ಖಾಲಿಯಾಗುವುದು ನಿಜ. ಆದರೆ ನೆರಳು ಅವರ ಜೊತೆ ಹೋಯಿತೋ, ಸತ್ತೇಹೋಯಿತೋ ಯಾರು ಕಂಡವರು? ಊರೊಳಗೆ ಎಲ್ಲರಿಗೂ ನೆರಳಿರುತ್ತದೆ. ಊರ ಹೊರಗೆ ಗೆದ್ದವನ ಕಾಲಬುಡ ನೋಡಬೇಕು.

ಹೀಗಾಗಿ ನೀಲಮ್ಮಕ್ಕನ ಮನೆಗೆ ಹೋದೆ. ಅವರ ಗಂಡ ಚನ್ನಬಸಪ್ಪ ಹಿಂದೊಮ್ಮೆ ರೇಸು ಗೆದ್ದಿದ್ದರು. ಈಗ ಹೊರಗಿನ ಊರುಗಳಿಗೆ ಪಾತ್ರೆ ವ್ಯಾಪಾರಕ್ಕೆ ತಿರುಗುತ್ತಾರೆ. ನೀಲಮ್ಮಕ್ಕ ಬಾಗಿಲಲ್ಲೇ ನನ್ನ ಮುಖ ನೋಡಿ ನಕ್ಕರು.

"ಬಾರವಾ ಬಾ. ರೇಸು ಹತ್ರ ಬಂತಂದ್ರ ಹೆಣಮಕ್ಳು ನಮ್ಮ ಮನಿ ಹಾದಿ ಹಿಡೀತಾರ. ನಾ ಇಲ್ಲೊಂದು ಅಂಗಡೀನಽ ಹಾಕಬೇಕು."

"ಏನಿಲ್ಲ ಅಕ್ಕಾ, ಹಂಗಽ ಬಂದೆ."

"ಹಂಗಽ ಯಾರೂ ಬರಂಗಿಲ್ಲ. ಕೇಳು."

ಕೇಳಿದೆ. ಗೆದ್ದ ಮೇಲೆ ನೆರಳು ನಿಜವಾಗಿ ಜೊತೆಗೆ ಹೋಗುತ್ತದೆಯೇ?

"ಅಂವಾ ಹೂಂ ಅಂತಾನ. ಒಂದ್ಸಲ ನಾನೂ ಬರ್ತೀನಿ ಅಂತ ಹಟಾ ಹಿಡದು ಹೋದೆ, ನೋಡಿಬರೋಣು ಅಂತ. ದಿನಾಪೂರ್ತಿ ಮಾಡಾ ಮುಚಗೊಂಡಿತ್ತು. ಒಂದು ಬಿಸಲಿನ ತುಣಕು ಬೀಳಲಿಲ್ಲ. ಅಂವಗೂ ನೆಳ್ಳಿಲ್ಲ, ನಂಗೂ ಇಲ್ಲ, ಅಲ್ಲಿ ಕಟ್ಟಿದ್ದ ಎಮ್ಮಿಗೂ ಇಲ್ಲ." ಅವರು ನಗುತ್ತಲೇ ಹೇಳಿದರು. ನಾನೂ ನಕ್ಕೆ.

"ಮತ್ತೊಮ್ಮೆ ಹೋಗಲಿಲ್ಲ ಯಾಕ?"

"ಹೋಗಬೌದು," ಎಂದು ನೀಲಮ್ಮಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಹೋಗಿ ಇಲ್ಲ ಅಂತ ಕಂಡ್ರ? ಮೊದ್ಲ ಗ್ವಾಡಿ ಮ್ಯಾಲ ನೋಡ್ತಿದ್ದೆ ನೋಡು, ದಿನಾ ಸಿಟ್ಟು ಬರ್ತಿತ್ತು. ಅಲ್ಲಿ ಯಾಕ ಕೂತಾನ, ಇಷ್ಟೊತ್ತು ಯಾರ ಕೂಡ ಮಾತಾಡ್ತಾನ, ಊಟಾ ಮಾಡಾಕೇನು ಧಾಡಿ. ಈಗ ಸಿಟ್ಟು ಮಾಡಾಕೂ ಏನಿಲ್ಲ. ಮನಿಗೆ ಬಂದ್ರ ಮನಷ್ಯಾ, ಹೋದ್ರ ಸುಣ್ಣ."

ಆಗ ನಾನು ಅವರ ನಡುಮನೆಯ ಗೋಡೆಯನ್ನು ಸರಿಯಾಗಿ ನೋಡಿದೆ. ಗೋಡೆ ಇನ್ನು ಬೇಕಿಲ್ಲವೆಂದು ಅವರು ಅದಕ್ಕೆ ಹಲಗೆ ಬಡಿಸಿ ಸ್ಟೀಲಿನ ಡಬ್ಬಿ, ಕೊಡಗಳನ್ನು ಜೋಡಿಸಿಟ್ಟಿದ್ದರು. ಎಡಕ್ಕೆ ಹಲಗೆ, ಬಲಕ್ಕೆ ಹಲಗೆ. ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗಕ್ಕೆ ಮಾತ್ರ ಹೊಸ ಸುಣ್ಣ ಬಳಿದಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ನಾನು ಎದ್ದು ಹೊರಟೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ನನ್ನ ಹೊಟ್ಟೆಕಿಚ್ಚಿಗೆ ಕೂಡ ಅನ್ನ ಹಾಕುತ್ತಿರುವುದು ಆ ಗೋಡೆಯೇ. ಅದೂ ಹೋದರೆ ನಾನು ಯಾವುದನ್ನು ಹಿಡಿದುಕೊಂಡು ಉರಿಯಲಿ?

ರೇಸಿನ ಬೆಳಗ್ಗೆ ಗಡಿಯ ಕಲ್ಲಿನ ಬಳಿ ಊರೆಲ್ಲ ನಿಂತಿತ್ತು. ನಮ್ಮ ಎದುರುಮನೆಯ ದಸ್ತಗೀರನ ಗಾಡಿ ನಮ್ಮವರ ಪಕ್ಕದಲ್ಲೇ ಇತ್ತು. ಎರಡು ವರ್ಷಗಳಿಂದ ಇಬ್ಬರೂ ಬೆನ್ನುಬೆನ್ನಿಗೆ ಬರುತ್ತಿದ್ದರು. ದಸ್ತಗೀರನ ತಾಯಿ ಮಾಬೂಬಿ ನನ್ನ ಕೈ ಹಿಡಿದು, "ನಿನ್ನ ಗಂಡಂದು ಸೀಟು ನೋಡಲೇ ಕಸ್ತೂರಿ, ಸೋಫಾ ಆಗೇತಿ. ನನ್ನ ಮಗಾ ಹಲಿಗಿ ಮ್ಯಾಲ ಕೂತಾನ," ಎಂದು ಚುಡಾಯಿಸಿದಳು. ಸಿಳ್ಳೆ ಊದಿದರು. ಗಾಡಿಗಳು ಕಲ್ಲು ದಾಟಿದವು. ದಾಟುತ್ತಿದ್ದಂತೆ ಸವಾರರ ನೆರಳು ಕಳಚಿ ಬಿದ್ದವು. ಗಾಡಿಗಳ ನೆರಳು ಮಾತ್ರ ಖಾಲಿ ಸೀಟಿನೊಂದಿಗೆ ರಸ್ತೆಯ ಮೇಲೆ ಓಡುತ್ತ ಹೋದವು. ಹೆಂಗಸರೆಲ್ಲ ಸೀರೆ ಎತ್ತಿ ಹಿಡಿದು ತಮ್ಮ ತಮ್ಮ ಮನೆಯತ್ತ ಓಡಿದೆವು.

ನಮ್ಮ ರೇಸು ನಡೆಯುವುದು ಗೋಡೆಗಳ ಮೇಲೆ, ಕೂಗುವುದು ಮಾಳಿಗೆಗಳ ಮೇಲೆ. ನಮ್ಮವರು ಗೋಡೆಯ ಮೇಲೆ ಏನೂ ಇಲ್ಲದ ಕಡೆ ಬಗ್ಗಿ ಕೂತಿದ್ದರು. ನೆರಳು ಎಡಕ್ಕೂ ಬಲಕ್ಕೂ ವಾಲತೊಡಗಿದರೆ ಘಾಟು ಬಂತೆಂದು ಅರ್ಥ. ಕೈಯಿಂದ ಕಣ್ಣು ಮರೆಮಾಡಿದರೆ ಉಪ್ಪಿನ ಬಯಲಿನ ಬಿಸಿಲು. "ನಮ್ಮಾಂವ ಘಾಟ್ ಇಳಿಯಾಕತ್ತಾನ!" ಎಂದು ಒಂದು ಮಾಳಿಗೆ ಕೂಗಿದರೆ, "ನಮ್ಮಾಂವ ಇನ್ನೂ ನೀರು ಕುಡಿಯಾಕತ್ತಾನ, ಹೊಟ್ಟಿ ಸುಡ್ಲಿ!" ಎಂದು ಇನ್ನೊಂದು. ನಾನು ಮಾಳಿಗೆಗೆ ಹೋಗಿ ಕೂಗಲಿಲ್ಲ. ಗೋಡೆಯ ಎದುರು ಕೂತೇ ಇದ್ದೆ. ಆ ದಿನ ಕಳೆದು ಮರುದಿನ ಬಿಸಿಲೇರುವ ಹೊತ್ತಿಗೆ ನಮ್ಮ ಗೋಡೆಯ ಮೇಲಿನ ನೆರಳು ತಲೆಯಿಂದ ಕಾಲಿನವರೆಗೆ ಗಡಗಡ ನಡುಗಿತು. ಅದು ಕಬ್ಬಿಣದ ಸೇತುವೆ. ನಾನು ಹಾಗೆಂದ ಕೂಡಲೇ ಅತ್ತೆ ಮಾಳಿಗೆ ಹತ್ತಿ ಓಣಿಗೆಲ್ಲ ಕೂಗಿ ಕೇಳಿದರು. ಬೇರೆ ಯಾರ ಮನೆಯ ಗೋಡೆಯೂ ಇನ್ನೂ ನಡುಗಿರಲಿಲ್ಲ.

"ಮುಂದ ಅದಾನವಾ ನಿನ್ನ ಗಂಡ!" ಎಂದು ಅತ್ತೆ ಏದುಸಿರು ಬಿಡುತ್ತ ಇಳಿದು ಬಂದರು. ಸಂತೋಷದಲ್ಲಿದ್ದರು. ಆಮೇಲೆ ಗೋಡೆಯ ಎದುರು ನನ್ನ ಪಕ್ಕದಲ್ಲೇ ಕೂತರು. ಬಹುಶಃ ಅವರಿಗೂ ಅದೇ ಹೊಳೆದಿರಬೇಕು. ಇದೇ ಕೊನೆಯ ಸಲ.

ಸೇತುವೆಯಿಂದ ಗಡಿಯ ಕಲ್ಲು ದೂರವಿಲ್ಲ. ಈ ಸಲವಾದರೂ ಅವರು ನಿಲ್ಲುವುದಿಲ್ಲ, ಗೆಲ್ಲುವವರು ಯಾರೂ ನಿಲ್ಲುವುದಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ನಿಲ್ಲದಿದ್ದರೆ ಆ ಹೆಣ್ಣು ಸೋತಳು. ನಿಲ್ಲದಿದ್ದರೆ ಅವರು ಗೆದ್ದರು, ಗೋಡೆ ಹೋಯಿತು, ನಾನೂ ಸೋತೆ. ಯಾವುದನ್ನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ನೆರಳು ನೆಟ್ಟಗಾಯಿತು. ಕಾಲು ಊರಿತು. ಹೆಲ್ಮೆಟ್ ತೆಗೆಯಿತು. ಜೇಬಿಗೆ ಕೈ ಹೋಯಿತು.

"ಬಾಚ್ಕೊಳಾಕತ್ತಾನಲ್ಲ!" ಎಂದರು ಅತ್ತೆ. ಅವರು ಇದನ್ನು ಹಿಂದಿನ ವರ್ಷಗಳಲ್ಲಿ ಗಮನಿಸಿರಲಿಲ್ಲವೆಂದು ಆಗಲೇ ನನಗೆ ಗೊತ್ತಾದದ್ದು.

ಕೈ ಚಾಚಿತು. ಬೆರಳು ಸುತ್ತಿಕೊಂಡವು. ಬಾಯಿಗೆ ಹೋಯಿತು. ಹೆಗಲು ಕುಲುಕಿತು. ಪ್ರತಿ ವರ್ಷ ಇಷ್ಟಾದ ಮೇಲೆ ಅವರು ಹೊರಟುಬಿಡುತ್ತಿದ್ದರು. ಈ ಸಲ ನೆರಳು ಕುಳಿತುಕೊಂಡಿತು. ಗಾಡಿಯ ಮೇಲಲ್ಲ, ಕೆಳಗೆ, ಮೊಣಕಾಲು ಎತ್ತರಿಸಿ, ಕಟ್ಟೆಯ ಮೇಲೆ ಕೂತ ಹಾಗೆ. ಎದುರುಮನೆಯ ಮಾಳಿಗೆಯಿಂದ ಮಾಬೂಬಿಯ ಕೂಗು ಕೇಳಿತು, "ಸೇತುವಿ! ನನ್ನ ಮಗಾ ಸೇತುವಿ ಮ್ಯಾಲ ಬಂದಾ!" ನಮ್ಮವರು ಏಳಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ನಡುಮನೆಗೆ ನುಗ್ಗಿದರು. ಏಳು, ಏಳೋ ಗುರುಪಾದ, ದಸ್ತಗೀರ ಬಂದ, ನಿನಗೇನು ದೆವ್ವ ಬಡೀತೇನೋ ಎಂದು ಗೋಡೆಗೆ ಕೂಗಿದರು. ಗೋಡೆಗೆ ಕೂಗಿದ್ದು ಯಾರಿಗೂ ಕೇಳುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಯಾರೋ ಒಬ್ಬಳು, "ಯಾರ ಕೂಡ ಇಷ್ಟು ಆರಾಮ ಕೂತಾನಽ ನಮ್ಮಪ್ಪ?" ಎಂದಳು. ಇನ್ನೊಬ್ಬಳು ಅವಳ ಪಕ್ಕೆಗೆ ತಿವಿದಳು. ನನ್ನ ಕಿವಿಯ ತುದಿ ಸುಡುತ್ತಿತ್ತು.

ಅವರು ಇನಾಮು ಕಳೆದುಕೊಳ್ಳುತ್ತಿದ್ದರು. ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ಇಷ್ಟು ವರ್ಷ ಮೈ ಸವೆಸಿ ಬಯಸಿದ ಇನಾಮನ್ನು ಮನುಷ್ಯನೊಬ್ಬ ಯಾರ ಸಲುವಾಗಿ ಹೀಗೆ ಕೂತು ಕಳೆಯುತ್ತಾನೆ? ನನ್ನ ಸಲುವಾಗಿ ಅವರು ಬಿಸಿ ಚಹಾವನ್ನೂ ಆರಲು ಬಿಟ್ಟವರಲ್ಲ.

ಆಮೇಲೆ ನೆರಳು ಎದ್ದು ನಿಂತಿತು. ಅಗಲವಾಗಿ, ಎರಡೂ ಹೆಗಲು ಕಾಣುವಂತೆ ನಿಂತಿತು. ನೆರಳಿಗೆ ಮುಖವಿರುವುದಿಲ್ಲ. ನಮ್ಮ ಕಡೆ ತಿರುಗಿ ನಿಂತರೂ, ಬೆನ್ನು ಹಾಕಿ ನಿಂತರೂ ಅದು ಒಂದೇ ರೀತಿ ಕಾಣುತ್ತದೆ. ಹಾಗೆ ನಿಂತು ಒಂದು ಕೈ ಮೇಲೆತ್ತಿತು. ಊಟಕ್ಕೆ ಕೂರುವ ಮುನ್ನ ಗಂಡಸರು ಮನೆಯ ಕಡೆಗೆ ಎತ್ತುವ ಹಾಗೆ ಎತ್ತಿತು. ಅಥವಾ ಅಲ್ಲಿರುವ ಯಾರಿಗೋ ಹೋಗಿಬರುತ್ತೇನೆ ಎಂದು ಎತ್ತಿತು. ಅಷ್ಟರಲ್ಲಿ ಎದುರುಮನೆಯಲ್ಲಿ ಕೇಕೆ ಎದ್ದಿತು. ದಸ್ತಗೀರನ ಗೋಡೆ ಖಾಲಿಯಾಗಿತ್ತು. ಅವನು ಗಡಿಯ ಕಲ್ಲು ದಾಟಿದ್ದ.

ಕಮಿಟಿಯವರು ದಸ್ತಗೀರನನ್ನು ಕೋಣೆಯೊಳಗೆ ಕರೆದುಕೊಂಡು ಹೋದರು. ಅವನು ಹೊರಗೆ ಬಂದಾಗ ಮೊದಲಿನ ಹಾಗೆಯೇ ಇದ್ದ. ಬಾಯಿಯಿಂದ ಶುಂಠಿ ಕಷಾಯದ ವಾಸನೆ ಬರುತ್ತಿತ್ತೆಂದು ಕೆಲವರು ಹೇಳಿದರು. ಆಮೇಲೆ ಅವನು ಹಾರ ಹಾಕಿಕೊಂಡು ಗಾಡಿಯಲ್ಲಿ ಮತ್ತೆ ಕಲ್ಲು ದಾಟಿ, ಗೆದ್ದವರ ಪದ್ಧತಿಯಂತೆ ದೂರದವರೆಗೆ ಹೋದ. ಕಲ್ಲಿನ ಬಳಿ ನಿಂತವರೆಲ್ಲ ಅವನ ಕಾಲಬುಡ ನೋಡಿದರು. ಎದ್ದ ಧೂಳಿನಲ್ಲಿ ಒಬ್ಬರು ಕಂಡಿತು ಅಂದರು, ಒಬ್ಬರು ಗಾಡಿಯದಷ್ಟೇ ಅಂದರು. ನಾನು ಎದುರುಮನೆಯಲ್ಲಿದ್ದೆ. ಮಾಬೂಬಿ ಬಂದವರಿಗೆಲ್ಲ ಪೇಡೆ ಹಂಚುತ್ತಿದ್ದಳು. ಹಂಚುತ್ತ ಹಂಚುತ್ತ ಗೋಡೆಯ ಮುಂದೆ ಬಂದು ನಿಂತಳು. ಮಗ ಹೊರಗಿದ್ದ, ಗೋಡೆ ಬೆಳ್ಳಗಿತ್ತು. ಅವಳು ಗೋಡೆಯ ಮೇಲೆ, ಮಗನ ಭುಜ ಇರಬೇಕಾದ ಎತ್ತರದಲ್ಲಿ ಅಂಗೈ ಇಟ್ಟಳು. ತೆಗೆದಾಗ ಕೈಗೆ ಸುಣ್ಣ ಹತ್ತಿತ್ತು. ಅದೇ ಕೈಯಿಂದ ನನಗೂ ಒಂದು ಪೇಡೆ ಕೊಟ್ಟಳು.

ನಮ್ಮವರು ಮನೆಗೆ ಬಂದು ಬೆಲ್ಲದ ಚಹಾ ಕುಡಿದರು. ಅತ್ತೆ ಎದ್ದು ಹಿತ್ತಿಲಿಗೆ ಹೋಗುವವರೆಗೂ ಕಾದು ಕೇಳಿದೆ.

"ಯಾರದು?"

"ಯಾರು?"

"ಕೂತಿದ್ರಲ್ಲ. ಊರೆಲ್ಲಾ ನೋಡೇತಿ."

"ದಣಿವಾಗಿತ್ತು."

"ದಣಿವಾದಾವ್ರು ತಲೀ ಬಾಚ್ಕೊಳ್ತಾರೇನು?"

ಅವರು ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಸಿಕ್ಕಿಬಿದ್ದವರ ಕಳೆ ಇತ್ತೋ, ಸೋತವರ ಕಳೆ ಇತ್ತೋ ನನಗೆ ಓದಲು ಬರಲಿಲ್ಲ. "ನೀ ಇಷ್ಟು ವರ್ಷ ಅದನ್ನ ನೋಡೀಯೇನು?" ಎಂದರು. ಉತ್ತರಕ್ಕೆ ಕಾಯದೆ, "ನಾಳೆ ಬಾ, ತೋರಸ್ತೀನಿ. ಸೀಟಂತೂ ಮೆತ್ತಗ ಐತಿ," ಎಂದರು.

ಮರುದಿನ ನಾನು ಹೊಲಿದ ಸೀಟಿನ ಮೇಲೆ ನಾನೇ ಕೂತೆ. ಅತ್ತೆ ಟ್ರಂಕಿನಿಂದ ತಮ್ಮ ಹಳೆಯ ಕೌದಿ ತೆಗೆದು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗಡಿಯ ಕಲ್ಲು ದಾಟುವಾಗ ಹೆಗಲಿನಿಂದ ಒದ್ದೆ ಸೀರೆ ಜಾರಿದ ಹಾಗಾಯಿತು. ಕೆಳಗೆ ನೋಡಿದರೆ ಗಾಡಿಯ ನೆರಳು ಒಂದೇ ನಮ್ಮ ಪಕ್ಕದಲ್ಲಿ ಓಡುತ್ತಿತ್ತು. ಅದರ ಎರಡೂ ಸೀಟು ಖಾಲಿ. ಎದುರಿಗೆ ಬಂದ ಎತ್ತಿನ ಗಾಡಿಯವನು ನಮ್ಮನ್ನು ದಾಟಿದ ಮೇಲೂ ಕತ್ತು ತಿರುಗಿಸಿ ನೆಲವನ್ನೇ ನೋಡುತ್ತಿದ್ದ. ನಮ್ಮವರ ಬೆನ್ನು ಸ್ವಲ್ಪ ಬಗ್ಗಿದ್ದು ನನ್ನ ಕೈಗೆ ತಿಳಿಯಿತು. ಇದನ್ನು ನಾನು ಕಂಡದ್ದರ ಕಡೆಗೇ ಸೇರಿಸುತ್ತೇನೆ.

ಸೇತುವೆಗೆ ಸ್ವಲ್ಪ ಈಚೆ ಒಂದು ಕಡೆ ನಿಲ್ಲಿಸಿದರು. ದಾರಿಯ ಬದಿಗೆ ಕಲ್ಲಿನ ಕಟ್ಟೆ, ಅದರ ಮೇಲೆ ತಗಡಿನ ಚಪ್ಪರ, ಬೋರಲು ಹಾಕಿದ ಎರಡು ಮಣ್ಣಿನ ಕೊಡ. ಯಾರೂ ಇರಲಿಲ್ಲ.

"ರೇಸಿನ ದಿನಾ ಇಲ್ಲಿ ನೀರು ಕೊಡ್ತಾರ," ಎಂದರು.

"ಯಾರು ಕೊಡ್ತಾರ?"

"ಯಾರಾರ ಇರ್ತಾರ. ಒಂದ್ಸಲ ಒಬ್ಬ ಮುದುಕಿ ಇದ್ಲು. ಒಂದ್ಸಲ ಮತ್ಯಾರೋ."

"ಈ ಸಲ?"

ಅವರು ಕಟ್ಟೆಯ ಮೇಲೆ ಮೊಣಕಾಲು ಎತ್ತರಿಸಿ ಕೂತರು. "ಇಲ್ಲಿ ಕೂತ್ರ ನಮ್ಮೂರ ಗುಡ್ಡಾ ಕಾಣತೈತಿ ನೋಡು," ಎಂದರು. ನೋಡಿದೆ. ಬಿಸಿಲಿಗೆ ಮಸುಕಾಗಿ ಏನೋ ಒಂದು ಕಾಣುತ್ತಿತ್ತು, ಗುಡ್ಡವೇ ಇರಬೇಕು. ಅವರು ಎದ್ದು ನಿಂತು, ಹೆಲ್ಮೆಟ್ ತೆಗೆದು ಜೇಬಿನಿಂದ ಹಣಿಗೆ ತೆಗೆದರು. ತಲೆ ಬಾಚಿಕೊಂಡರು. ನನ್ನ ಕಡೆಗೆ ಕೈ ಚಾಚಿದರು. ನಾನು ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ. ಕುಡಿದು, ಕತ್ತು ಬಗ್ಗಿಸಿ ನಕ್ಕರು. ನಾನು ಗಿಡ್ಡ. ಅವರ ಕೈ ಎದೆಗಿಂತ ಸ್ವಲ್ಪ ಕೆಳಗೇ ಇತ್ತು.

ಆ ಗಳಿಗೆಯಲ್ಲಿ ಸಂತೋಷಪಡುವುದನ್ನು ಬಿಟ್ಟು ನಾನು ಮನೆಯ ಗೋಡೆಯನ್ನು ನೆನೆಸಿಕೊಂಡೆ. ಈಗ ಅಲ್ಲಿ ಕಾಣುತ್ತಿರುವುದು ನಿನ್ನೆ ಕಂಡದ್ದೇ ಆದರೆ, ಅದೇ ಕೈ, ಅದೇ ಬಾಗು, ಅದೇ ನಗು ಆದರೆ, ಅವರು ಇಷ್ಟು ವರ್ಷ ಇಲ್ಲಿ ಇಲ್ಲದ ನನ್ನನ್ನೇ ಮನಸ್ಸಿನಲ್ಲಿ ಎದುರಿಗೆ ನಿಲ್ಲಿಸಿಕೊಂಡು ಆಡುತ್ತಿದ್ದ ಆಟ ಇದು. ಬೇರೆಯಾದರೆ, ಇವತ್ತಿನದು ನನ್ನ ಬಾಯಿ ಮುಚ್ಚಿಸಲು ಕಟ್ಟಿದ ಆಟ. ಎರಡನ್ನೂ ನೋಡಿ ಹೇಳಬಲ್ಲವರು ಅತ್ತೆ ಒಬ್ಬರೇ. ತಿರುಗಿ ಬರುವ ದಾರಿಯುದ್ದಕ್ಕೂ ಗಂಡನ ಸೊಂಟ ಹಿಡಿದು ಕೂತು ನಾನು ಅತ್ತೆಯನ್ನು ಕೇಳುವ ಮಾತನ್ನೇ ಜೋಡಿಸುತ್ತಿದ್ದೆ.

ಅತ್ತೆ ಗೋಡೆಗೆ ಬೆನ್ನು ಹಾಕಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು. ಅವರ ಹಿಂದೆ ಕೌದಿ ನೆಲದವರೆಗೂ ಇಳಿದಿತ್ತು.

"ಅತ್ತೀ, ಗ್ವಾಡಿ ನೋಡಿದ್ರ್ಯಾ?"

"ಕೌದಿ ಹಾಕೇನಲ್ಲ."

"ಒಂಚೂರು ಸರಿಸಿ ಸೈತ ನೋಡ್ಲಿಲ್ಲ?"

"ಥೂ ನಿನ್ನ. ಗಂಡಾಹೆಣ್ತಿ ಹೋದಾಗ ನೋಡ್ತಾರೇನು?" ಎಂದು ಅವರು ಮೊರದಿಂದ ಒಂದು ಹರಳು ಆರಿಸಿ ಎಸೆದರು. "ನಾ ನೋಡಿದ್ದು ಸಾಕಾಗೇತಿ. ನೀನೂ ಸಾಕು ಮಾಡು."

ಇಷ್ಟೇ ನನಗೆ ಗೊತ್ತಿರುವುದು. ದಸ್ತಗೀರನ ನೆರಳು ಅವನ ಜೊತೆ ಹೋಗುತ್ತದೆಯೋ, ಎಲ್ಲಿಗೂ ಹೋಗುವುದಿಲ್ಲವೋ ನನಗೆ ಗೊತ್ತಿಲ್ಲ. ಆ ಕಟ್ಟೆಯೇ ಅವರು ಪ್ರತಿ ವರ್ಷ ನಿಲ್ಲುತ್ತಿದ್ದ ಜಾಗವೋ ಅಲ್ಲವೋ ಗೊತ್ತಿಲ್ಲ. ಅಂದು ಗೋಡೆಯ ಮೇಲೆ ಎತ್ತಿದ ಕೈ ನಮ್ಮ ಕಡೆಗಿತ್ತೋ ಆಚೆ ಕಡೆಗಿತ್ತೋ, ಅದೂ ಗೊತ್ತಿಲ್ಲ. ಈ ವರ್ಷದ ರೇಸಿಗೂ ಅವರು ಹೆಸರು ಕೊಟ್ಟಿದ್ದಾರೆ. ಹಿಂದಿನ ಸೀಟು ಇರಲಿ ಅಂದಿದ್ದಾರೆ. ನಾನು ಈ ಸಲ ಕೇಳಲಿಲ್ಲ, ಸ್ಪಂಜು ಇನ್ನೊಂದು ಪದರ ಜಾಸ್ತಿ ಹಾಕಿ ಹೊಲಿದಿದ್ದೇನೆ. ಯಾರಿಗೆಂದು ನನಗೆ ತಿಳಿಯದು.